ವರ್ಡ್‌ಪ್ರೆಸ್ ಜಾಲತಾಣದ ನಿರ್ವಹಣೆ ಮತ್ತು ಭದ್ರತೆ: ಸಮಗ್ರ ಮಾರ್ಗದರ್ಶಿ

ಸಂಘ ಸಂಸ್ಥೆಗಳು, ಸಣ್ಣ ಪ್ರಕಾಶನಗಳು, ಶಾಲೆಗಳು ಜಾಲತಾಣವೊಂದನ್ನು ಕಟ್ಟಿಸಿ, ಉದ್ಘಾಟನೆ ಮಾಡಿ, ಆಮೇಲೆ ಅದರತ್ತ ತಿರುಗಿ ನೋಡದೆ ಇರುವುದನ್ನು ನಾನು ಹಲವು ಕಡೆ ಕಂಡಿದ್ದೇನೆ. ಎರಡು ಮೂರು ವರ್ಷ ಎಲ್ಲವೂ ಸರಿಯಾಗಿಯೇ ನಡೆಯುತ್ತದೆ. ಒಂದು ದಿನ ಓದುಗರೊಬ್ಬರು ಕರೆ ಮಾಡಿ, ನಿಮ್ಮ ತಾಣ ತೆರೆದರೆ ಜೂಜಿನ ಜಾಹೀರಾತು ಬರುತ್ತಿದೆ ಎಂದು ಹೇಳುತ್ತಾರೆ. ಆಗ ಹುಡುಕಾಟ ಶುರುವಾಗುತ್ತದೆ: ಹೋಸ್ಟಿಂಗ್ (ತಾಣವನ್ನು ಇಟ್ಟಿರುವ ಸರ್ವರಿನ ಬಾಡಿಗೆ ಜಾಗ) ಯಾರ ಹೆಸರಿನಲ್ಲಿದೆ, ಪಾಸ್‌ವರ್ಡ್ ಯಾರ ಬಳಿ ಇದೆ, ಬ್ಯಾಕಪ್ ಇದೆಯೇ ಇಲ್ಲವೇ. ಆ ಸ್ಥಿತಿ ಬಾರದಂತೆ ನೋಡಿಕೊಳ್ಳುವುದು ಹೇಗೆ, ಬಂದರೆ ಯಾವ ಕ್ರಮದಲ್ಲಿ ಕೆಲಸ ಮಾಡಬೇಕು ಎಂಬುದನ್ನು ಇಲ್ಲಿ ವಿವರಿಸಿದ್ದೇನೆ. ಕೋಡ್ ಬರೆಯದೆಯೇ ತಾಣಕ್ಕೆ ಬರಹ ಏರಿಸಿ ನಿರ್ವಹಿಸಲು ನೆರವಾಗುವ ತಂತ್ರಾಂಶಗಳಲ್ಲಿ, ಅಂದರೆ ವಿಷಯ ನಿರ್ವಹಣಾ ವ್ಯವಸ್ಥೆಗಳಲ್ಲಿ, ಜೂಮ್ಲಾ, ಡ್ರೂಪಲ್ ಮೊದಲಾದವು ಇದ್ದರೂ ಕನ್ನಡದಲ್ಲಿ ನಾನು ಹೆಚ್ಚಾಗಿ ಕಂಡಿರುವುದು ವರ್ಡ್‌ಪ್ರೆಸ್ ತಾಣಗಳನ್ನೇ ಆದ್ದರಿಂದ ವಿವರಗಳನ್ನು ಅದಕ್ಕೆ ಹೊಂದಿಸಿ ಬರೆದಿದ್ದೇನೆ.

'ನಮ್ಮದು ಚಿಕ್ಕ ತಾಣ, ಇದನ್ನು ಯಾರು ಕೆಡಿಸುತ್ತಾರೆ?' ಎಂಬ ಪ್ರಶ್ನೆ ಎಲ್ಲ ಕಡೆಯೂ ಬರುತ್ತದೆ. ಬಹುಪಾಲು ದಾಳಿಗಳನ್ನು ನಡೆಸುವುದು ತಂತಾನೇ ಓಡುವ ಸ್ಕ್ರಿಪ್ಟ್‌ಗಳು, ಅಂದರೆ ಪುಟ್ಟ ಪ್ರೋಗ್ರಾಂಗಳು. ಅವು ಅಂತರಜಾಲವನ್ನೆಲ್ಲ ಜಾಲಾಡುತ್ತಾ, ಗೊತ್ತಿರುವ ದೋಷವೊಂದು ಯಾವ ತಾಣದಲ್ಲಿ ಇನ್ನೂ ಉಳಿದಿದೆ ಎಂದು ತಟ್ಟಿ ನೋಡುತ್ತಿರುತ್ತವೆ. ತಾಣದ ದೊಡ್ಡತನ, ಚಿಕ್ಕತನ ಅವುಗಳ ಲೆಕ್ಕಕ್ಕೆ ಬರುವುದಿಲ್ಲ. 2017ರ ಆರಂಭದಲ್ಲಿ ನಡೆದದ್ದನ್ನು ನೋಡಿ. ವರ್ಡ್‌ಪ್ರೆಸ್ 4.7 ಮತ್ತು 4.7.1 ಆವೃತ್ತಿಗಳಲ್ಲಿ, ಲಾಗಿನ್ ಆಗದೆಯೇ ಯಾರು ಬೇಕಾದರೂ ಬರಹಗಳನ್ನು ತಿದ್ದಬಹುದಾದ ದೋಷವಿತ್ತು. ಅದನ್ನು ಸರಿಪಡಿಸಿದ 4.7.2 ಆವೃತ್ತಿ ಜನವರಿ 26ರಂದೇ ಹೊರಬಂದಿತ್ತು. ದೋಷದ ವಿವರವನ್ನು ಫೆಬ್ರವರಿ 1ರಂದು ಬಹಿರಂಗಪಡಿಸಲಾಯಿತು. ನಂತರದ ಕೆಲವೇ ದಿನಗಳಲ್ಲಿ ಅಪ್‌ಡೇಟ್ ಆಗದ ತಾಣಗಳ ಲಕ್ಷಾಂತರ ಪುಟಗಳು ವಿರೂಪಗೊಂಡವು. ಸ್ವಯಂಚಾಲಿತ ಅಪ್‌ಡೇಟ್ ತೆರೆದಿಟ್ಟಿದ್ದವರು ಅಷ್ಟರಲ್ಲಿ ಸುರಕ್ಷಿತರಾಗಿದ್ದರು. ಭದ್ರತೆಗೆಂದು ಹಣ ಕೊಟ್ಟು ಪ್ಲಗಿನ್ (ತಾಣಕ್ಕೆ ಹೊಸ ಸೌಲಭ್ಯ ಸೇರಿಸುವ ಪುಟ್ಟ ತಂತ್ರಾಂಶ) ಕೊಳ್ಳುವ ಮೊದಲು ದಿನನಿತ್ಯದ ನಿರ್ವಹಣೆಯನ್ನು ಸರಿಪಡಿಸಿಕೊಳ್ಳಬೇಕು ಎಂದು ನಾನು ಪಟ್ಟು ಹಿಡಿದು ಹೇಳುವುದು ಈ ಕಾರಣಕ್ಕೆ.

ಮೊದಲ ಹೆಜ್ಜೆ: ಕೀಲಿಕೈಗಳ ಲೆಕ್ಕ

ಒಂದು ಪುಸ್ತಕದಲ್ಲಿ ಈ ವಿವರಗಳನ್ನು ಬರೆದಿಡಿ. ಡೊಮೇನ್ ಹೆಸರು ಎಲ್ಲಿ, ಯಾರ ಹೆಸರಿನಲ್ಲಿ ನೋಂದಣಿಯಾಗಿದೆ, ಯಾವ ತಾರೀಕಿಗೆ ನವೀಕರಿಸಬೇಕು. ಹೋಸ್ಟಿಂಗ್ ಖಾತೆಗೆ ಹಣ ಕಟ್ಟುವವರು ಯಾರು. ವರ್ಡ್‌ಪ್ರೆಸ್‌ನಲ್ಲಿ ಅಡ್ಮಿನಿಸ್ಟ್ರೇಟರ್ ಹಕ್ಕು ಯಾರು ಯಾರಿಗಿದೆ. ಈ ಮೂರೂ ಖಾತೆಗಳಿಗೆ ಕೊಟ್ಟಿರುವ ಇಮೇಲ್ ವಿಳಾಸ ಯಾವುದು, ಅದನ್ನು ಈಗಲೂ ಯಾರಾದರೂ ತೆರೆದು ನೋಡುತ್ತಾರೆಯೇ. ಪಾಸ್‌ವರ್ಡ್‌ಗಳನ್ನು ಮಾತ್ರ ಆ ಪುಸ್ತಕದಲ್ಲಿ ಬರೆಯದೆ ಪಾಸ್‌ವರ್ಡ್ ಮ್ಯಾನೇಜರ್‌ನಲ್ಲಿ ಇಡಿ.

ಇಮೇಲ್ ವಿಳಾಸದ ವಿಷಯವನ್ನು ಹಗುರವಾಗಿ ಕಾಣಬಾರದು. 2019ರಲ್ಲಿ ಬಂದ 5.2 ಆವೃತ್ತಿಯಿಂದ ಈಚೆಗೆ, ಪ್ಲಗಿನ್ ಒಂದು ಕೆಟ್ಟು ತಾಣವೇ ನಿಂತುಹೋದರೆ ವರ್ಡ್‌ಪ್ರೆಸ್ ಆಡಳಿತದ ಇಮೇಲಿಗೆ ರಿಕವರಿ ಮೋಡ್‌ನ ಕೊಂಡಿಯೊಂದನ್ನು ಕಳಿಸುತ್ತದೆ. ಅದನ್ನು ಒತ್ತಿ ಒಳಗೆ ಹೋಗಿ ಕೆಟ್ಟ ಪ್ಲಗಿನ್ ನಿಲ್ಲಿಸಿದರೆ ತಾಣ ಮತ್ತೆ ಏಳುತ್ತದೆ. ಆ ಇಮೇಲ್ ಎಂದೋ ಕೆಲಸ ಬಿಟ್ಟ ಡೆವಲಪರ್‌ಗೆ ಹೋಗುತ್ತಿದ್ದರೆ ಈ ಸೌಲಭ್ಯ ಇದ್ದೂ ಇಲ್ಲದಂತೆ. ಡೊಮೇನ್ ನವೀಕರಣದ ಎಚ್ಚರಿಕೆಗಳೂ ಹೀಗೆಯೇ ದಾರಿ ತಪ್ಪುತ್ತವೆ.

ಎರಡನೆಯ ಹೆಜ್ಜೆ: ಮರಳಿ ಕಟ್ಟಿ ನೋಡಿದ ಬ್ಯಾಕಪ್

ವರ್ಡ್‌ಪ್ರೆಸ್ ತಾಣದಲ್ಲಿ ಎರಡು ಭಾಗಗಳಿವೆ. ಬರಹಗಳು, ಪುಟಗಳು, ಓದುಗರ ಪ್ರತಿಕ್ರಿಯೆಗಳು, ಬಳಕೆದಾರರ ಪಟ್ಟಿ, ಹೊಂದಾಣಿಕೆಗಳು ಎಲ್ಲವೂ ಮೈಎಸ್‌ಕ್ಯುಎಲ್ ಅಥವಾ ಮಾರಿಯಾಡಿಬಿ ಡೇಟಾಬೇಸಿನಲ್ಲಿರುತ್ತವೆ. ಚಿತ್ರಗಳು, ಥೀಮ್‌ಗಳು (ತಾಣದ ವಿನ್ಯಾಸದ ಕಡತಗಳು), ಪ್ಲಗಿನ್‌ಗಳು 'ಡಬ್ಲ್ಯುಪಿ-ಕಂಟೆಂಟ್' ಎಂಬ ಫೋಲ್ಡರಿನಲ್ಲಿರುತ್ತವೆ. ಇವೆರಡರ ಜೊತೆಗೆ ಡೇಟಾಬೇಸಿನ ಸಂಪರ್ಕ ವಿವರ ಇರುವ 'ಡಬ್ಲ್ಯುಪಿ-ಕಾನ್ಫಿಗ್' ಕಡತವೂ ಕೈಯಲ್ಲಿದ್ದರೆ ತಾಣವನ್ನು ಬೇರೆ ಸರ್ವರಿನಲ್ಲಿ ನಿಲ್ಲಿಸಬಹುದು. ಉಳಿದದ್ದನ್ನು ವರ್ಡ್‌ಪ್ರೆಸ್‌ನ ಅಧಿಕೃತ ತಾಣದಿಂದ ಮತ್ತೆ ಇಳಿಸಿಕೊಳ್ಳಬಹುದು. ಫೈಲುಗಳನ್ನಷ್ಟೇ ನಕಲು ಮಾಡಿಟ್ಟುಕೊಂಡು ಡೇಟಾಬೇಸನ್ನು ಮರೆತವರು ಅನೇಕರಿದ್ದಾರೆ. ಅವರ ಬಳಿ ಉಳಿಯುವುದು ಬರಹವಿಲ್ಲದ ಖಾಲಿ ಚೌಕಟ್ಟು.

ಪ್ರತಿದಿನ ಬರಹ ಸೇರುವ ತಾಣಕ್ಕೆ ಡೇಟಾಬೇಸಿನ ಬ್ಯಾಕಪ್ ಪ್ರತಿದಿನ ಬೇಕು. ತಿಂಗಳಿಗೊಮ್ಮೆ ಬದಲಾಗುವ ತಾಣಕ್ಕೆ ವಾರಕ್ಕೊಮ್ಮೆ ಸಾಕು. ಬ್ಯಾಕಪ್ಪಿನ ಒಂದು ಪ್ರತಿ ಬೇರೆ ಕಡೆ ಇರಲಿ. ಅದೇ ಸರ್ವರಿನಲ್ಲಿಟ್ಟ ಬ್ಯಾಕಪ್, ಸರ್ವರ್ ಹೋದ ದಿನ ಅದರ ಜೊತೆಯಲ್ಲೇ ಹೋಗುತ್ತದೆ. ಅಪ್‌ಡ್ರಾಫ್ಟ್‌ಪ್ಲಸ್‌ನಂಥ ಪ್ಲಗಿನ್‌ಗಳು ಬ್ಯಾಕಪ್ಪನ್ನು ಗೂಗಲ್ ಡ್ರೈವಿನಂಥ ಜಾಗಕ್ಕೆ ತಾವೇ ಕಳಿಸುತ್ತವೆ. ಕನಿಷ್ಠ ಒಂದು ತಿಂಗಳ ಪ್ರತಿಗಳನ್ನು ಅಳಿಸದೆ ಇಡಿ, ಏಕೆಂದರೆ ತಾಣಕ್ಕೆ ಯಾರೋ ನುಗ್ಗಿದ್ದು ಎರಡು ವಾರ ಕಳೆದ ಮೇಲೆ ಗೊತ್ತಾದರೆ ಅಷ್ಟು ಹಿಂದಿನ ಶುದ್ಧ ಪ್ರತಿಯೇ ಬೇಕಾಗುತ್ತದೆ.

ಇಲ್ಲೊಂದು ಸೂಕ್ಷ್ಮವಿದೆ. ವರ್ಡ್‌ಪ್ರೆಸ್‌ನ ವೇಳಾಪಟ್ಟಿಯ ಕೆಲಸಗಳು ಗಡಿಯಾರ ನೋಡಿಕೊಂಡು ಓಡುವುದಿಲ್ಲ. ಯಾರಾದರೂ ಓದುಗರು ಪುಟ ತೆರೆದಾಗ ಮಾತ್ರ, ಸಮಯ ಮೀರಿದ ಕೆಲಸವಿದೆಯೇ ಎಂದು ವರ್ಡ್‌ಪ್ರೆಸ್ ನೋಡುತ್ತದೆ. ಓದುಗರು ವಿರಳವಾಗಿರುವ ತಾಣದಲ್ಲಿ ರಾತ್ರಿ 2 ಗಂಟೆಯ ಬ್ಯಾಕಪ್ ಬೆಳಗ್ಗೆ 9ಕ್ಕೆ ಆಗಬಹುದು. ಹೋಸ್ಟಿಂಗ್ ನಿಯಂತ್ರಣ ಫಲಕದಲ್ಲಿರುವ ಕ್ರಾನ್ ಜಾಬ್ (ನಿಗದಿತ ಸಮಯಕ್ಕೆ ಕೆಲಸ ಓಡಿಸುವ) ಸೌಲಭ್ಯದಿಂದ ಈ ಕೆಲಸಗಳನ್ನು ನಿಯಮಿತವಾಗಿ ಓಡಿಸುವುದು ಒಳ್ಳೆಯದು.

ಇನ್ನು ನಾನು ಪೆಟ್ಟು ತಿಂದು ಕಲಿತ ವಿಷಯ. ನಾನು ನೋಡಿಕೊಳ್ಳುತ್ತಿದ್ದ ಒಂದು ಕನ್ನಡ ಪತ್ರಿಕೆಯ ತಾಣವನ್ನು ಹೊಸ ಸರ್ವರಿಗೆ ಸಾಗಿಸಬೇಕಾಯಿತು. ಬ್ಯಾಕಪ್ ವಾರವಾರವೂ ತಪ್ಪದೆ ಆಗುತ್ತಿತ್ತು. ಅದನ್ನು ಹೊಸ ಕಡೆ ಹಾಕಿ ತೆರೆದರೆ ಇಂಗ್ಲಿಷ್ ಪದಗಳು, ಅಂಕಿಗಳು, ಚಿತ್ರಗಳು ಎಲ್ಲವೂ ಇದ್ದವು. ಕನ್ನಡ ಇರಬೇಕಾದಲ್ಲೆಲ್ಲ ಪ್ರಶ್ನಾರ್ಥಕ ಚಿಹ್ನೆಗಳ ಸಾಲು. ಆರು ವರ್ಷಗಳ ಕತೆ, ಕವಿತೆ, ಲೇಖನಗಳೆಲ್ಲ ಬರೀ ಪ್ರಶ್ನಾರ್ಥಕ ಚಿಹ್ನೆಗಳಾಗಿ ತೆರೆಯ ಮೇಲೆ ಇಳಿದು ಹೋಗುತ್ತಿದ್ದವು. ಬ್ಯಾಕಪ್ ತೆಗೆಯುತ್ತಿದ್ದ ಸ್ಕ್ರಿಪ್ಟ್ ಅಕ್ಷರಗಳನ್ನು ಲ್ಯಾಟಿನ್-1 ಸಂಕೇತಕ್ಕೆ ಬದಲಿಸಿ ಬರೆಯುತ್ತಿತ್ತು. ಅದರಲ್ಲಿ ಕನ್ನಡಕ್ಕೆ ಸ್ಥಾನವೇ ಇಲ್ಲದ್ದರಿಂದ ಒಂದೊಂದು ಅಕ್ಷರದ ಜಾಗದಲ್ಲೂ ಪ್ರಶ್ನಾರ್ಥಕ ಚಿಹ್ನೆ ಕೂತಿತ್ತು. ಹಳೆಯ ಸರ್ವರ್ ಇನ್ನೂ ಜೀವಂತವಾಗಿದ್ದರಿಂದ ಆ ಬರಹಗಳು ಉಳಿದವು. ಅಂದು ಸಂಜೆಯವರೆಗೆ ನನ್ನ ಕೈ ನಡುಗುತ್ತಿದ್ದದ್ದು ಈಗಲೂ ನೆನಪಿದೆ.

ಆದ್ದರಿಂದ ಬ್ಯಾಕಪ್ ಕಡತವನ್ನು ಸಾಧಾರಣ ಟೆಕ್ಸ್ಟ್ ಎಡಿಟರಿನಲ್ಲಿ ತೆರೆದು, ಗೊತ್ತಿರುವ ಒಂದು ಕನ್ನಡ ಶೀರ್ಷಿಕೆಯನ್ನು ಹುಡುಕಿ. ಅದು ಕನ್ನಡವಾಗಿಯೇ ಕಂಡರೆ ಸರಿ. ವಿಚಿತ್ರ ಲ್ಯಾಟಿನ್ ಅಕ್ಷರಗಳ ಗೋಜಲಾಗಿ ಕಂಡರೆ ಸಂಕೇತ ಅದಲುಬದಲಾಗಿದೆ ಎಂದರ್ಥ. ಸಾಮಾನ್ಯವಾಗಿ ಸರಿಪಡಿಸಲು ಸಾಧ್ಯ. ಪ್ರಶ್ನಾರ್ಥಕ ಚಿಹ್ನೆಗಳೇ ಕಂಡರೆ ಆ ಪ್ರತಿಯಲ್ಲಿ ಬರಹ ಅಳಿದುಹೋಗಿದೆ, ಅದನ್ನು ಯಾರಿಂದಲೂ ಮರಳಿ ತರಲಾಗದು. ಡೇಟಾಬೇಸ್ ಕೋಷ್ಟಕಗಳು ಎಲ್ಲ ಭಾಷೆಗಳ ಅಕ್ಷರಗಳನ್ನೂ ಹಿಡಿಸುವ ಯುಟಿಎಫ್8ಎಂಬಿ4 ಸಂಕೇತದಲ್ಲಿರಲಿ. ವರ್ಡ್‌ಪ್ರೆಸ್ 2015ರ 4.2 ಆವೃತ್ತಿಯಿಂದ ಅದನ್ನೇ ಬಳಸುತ್ತಿದೆ. ಮೂರು ತಿಂಗಳಿಗೊಮ್ಮೆ ಇತ್ತೀಚಿನ ಬ್ಯಾಕಪ್ಪನ್ನು ಪರೀಕ್ಷೆಯ ವಿಳಾಸದಲ್ಲಿ ಪೂರ್ತಿ ಮರಳಿ ಕಟ್ಟಿ, ಹತ್ತು ಪುಟಗಳನ್ನು ತೆರೆದು ನೋಡಿ. ಹೀಗೆ ಮರಳಿ ಕಟ್ಟಿ ನೋಡದ ಬ್ಯಾಕಪ್ಪನ್ನು ನಾನು ಬ್ಯಾಕಪ್ ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಮೂರನೆಯ ಹೆಜ್ಜೆ: ಅಪ್‌ಡೇಟ್‌ಗಳ ಶಿಸ್ತು

ವರ್ಡ್‌ಪ್ರೆಸ್‌ನ ಸಣ್ಣ ಆವೃತ್ತಿಗಳು, ಅಂದರೆ ಎರಡನೆಯ ಚುಕ್ಕಿಯ ನಂತರದ ಅಂಕಿ ಬದಲಾಗುವಂಥವು, 2013ರ 3.7 ಆವೃತ್ತಿಯಿಂದ ತಾವಾಗಿಯೇ ಸೇರಿಕೊಳ್ಳುತ್ತವೆ. ಇದನ್ನು ಯಾವ ಕಾರಣಕ್ಕೂ ನಿಲ್ಲಿಸಬೇಡಿ. ಪ್ಲಗಿನ್ ಮತ್ತು ಥೀಮ್‌ಗಳಿಗೂ ಸ್ವಯಂಚಾಲಿತ ಅಪ್‌ಡೇಟ್ ಆರಿಸುವ ಅವಕಾಶ 2020ರ 5.5 ಆವೃತ್ತಿಯಿಂದ ಡ್ಯಾಶ್‌ಬೋರ್ಡಿನಲ್ಲೇ (ತಾಣದ ಆಡಳಿತ ಪುಟದಲ್ಲೇ) ಇದೆ. ತಾಂತ್ರಿಕ ಸಿಬ್ಬಂದಿ ಇಲ್ಲದ ಸಂಸ್ಥೆಗಳು ಅದನ್ನು ತೆರೆದಿಡುವುದೇ ಮೇಲು ಎಂಬುದು ನನ್ನ ಅಭಿಪ್ರಾಯ. ಅಪ್‌ಡೇಟ್‌ನಿಂದ ಪುಟದ ವಿನ್ಯಾಸ ಒಮ್ಮೊಮ್ಮೆ ಕೆಡುವುದುಂಟು. ಅದು ಕಣ್ಣಿಗೆ ಕಾಣುತ್ತದೆ, ಒಂದು ದಿನದಲ್ಲಿ ಸರಿಯಾಗುತ್ತದೆ. ಅಪ್‌ಡೇಟ್ ಮಾಡದೆ ಒಳಗೆ ಬಂದ ದುಷ್ಟ ಕೋಡ್ ಕಾಣುವುದೇ ಇಲ್ಲ. ಹಣದ ವಹಿವಾಟು ನಡೆಯುವ ತಾಣಗಳಲ್ಲಿ ಮಾತ್ರ ದೊಡ್ಡ ಆವೃತ್ತಿಗಳನ್ನು ಮೊದಲು ಸ್ಟೇಜಿಂಗ್ ಪ್ರತಿಯಲ್ಲಿ (ಪರೀಕ್ಷೆಗೆಂದೇ ಇಟ್ಟ ತಾಣದ ನಕಲಿನಲ್ಲಿ) ಪರೀಕ್ಷಿಸಿ ನೋಡಬೇಕು.

ಕೈಯಾರೆ ಮಾಡುವವರು ವಾರದಲ್ಲಿ ಒಂದು ದಿನವನ್ನು ಇದಕ್ಕೆ ಮೀಸಲಿಡಿ. ಬ್ಯಾಕಪ್ ತೆಗೆಯಿರಿ, ಪ್ಲಗಿನ್‌ಗಳನ್ನು ಒಂದೊಂದಾಗಿ ಅಪ್‌ಡೇಟ್ ಮಾಡಿ, ಪ್ರತಿಯೊಂದಾದ ಮೇಲೂ ಮುಖಪುಟ, ಒಂದು ಲೇಖನ ಮತ್ತು ಸಂಪರ್ಕ ನಮೂನೆಯನ್ನು ತೆರೆದು ನೋಡಿ. ಎಲ್ಲವನ್ನೂ ಒಟ್ಟಿಗೆ ಆರಿಸಿ ಒತ್ತಿದರೆ, ಕೆಟ್ಟಾಗ ಯಾವುದರಿಂದ ಕೆಟ್ಟಿತು ಎಂದು ಹೇಳಲಾಗದು. ಭದ್ರತಾ ದೋಷ ಸರಿಪಡಿಸುವ ಅಪ್‌ಡೇಟ್ ಬಂದರೆ ಮಾತ್ರ ಆ ವಾರದ ದಿನಕ್ಕಾಗಿ ಕಾಯಬೇಡಿ. 2014ರ ಅಕ್ಟೋಬರ್ 15ರಂದು ಡ್ರೂಪಲ್ 7ರ ಗಂಭೀರ ದೋಷವೊಂದು ಪ್ರಕಟವಾದಾಗ, ಏಳು ಗಂಟೆಗಳ ಒಳಗೆ ಸರಿಪಡಿಸದ ಪ್ರತಿ ತಾಣಕ್ಕೂ ದಾಳಿಕೋರರು ನುಗ್ಗಿದ್ದಾರೆಂದೇ ಭಾವಿಸಿ ಮುಂದುವರಿಯಿರಿ ಎಂದು ಅದರ ಭದ್ರತಾ ತಂಡವೇ ಎರಡು ವಾರಗಳ ನಂತರ ತಿಳಿಸಿತು.

ಪಿಎಚ್‌ಪಿಯನ್ನೂ ಮರೆಯಬಾರದು. ವರ್ಡ್‌ಪ್ರೆಸ್ ಓಡುವುದೇ ಆ ಭಾಷೆಯ ಮೇಲೆ. ಪಿಎಚ್‌ಪಿ 7.4ಕ್ಕೆ ಭದ್ರತಾ ತಿದ್ದುಪಡಿಗಳು 2022ರ ನವೆಂಬರಿನಲ್ಲೇ ನಿಂತಿವೆ. ಅದರ ಮೇಲೆಯೇ ಓಡುವ ತಾಣಗಳನ್ನು ಆಮೇಲೂ ನಾನು ಕಂಡಿದ್ದೇನೆ. ಡ್ಯಾಶ್‌ಬೋರ್ಡಿನ ಸೈಟ್ ಹೆಲ್ತ್ ಪುಟದಲ್ಲಿ ನಿಮ್ಮ ಆವೃತ್ತಿ ತಿಳಿಯುತ್ತದೆ. ಅದನ್ನು ಹೋಸ್ಟಿಂಗ್ ಫಲಕದಲ್ಲಿ ಬದಲಿಸಬಹುದು, ಬದಲಿಸುವ ಮುನ್ನ ಹಳೆಯ ಪ್ಲಗಿನ್‌ಗಳು ಹೊಸದಕ್ಕೆ ಒಗ್ಗುತ್ತವೆಯೇ ಎಂದು ಸ್ಟೇಜಿಂಗ್‌ನಲ್ಲಿ ನೋಡಿಕೊಳ್ಳಿ.

ನಾಲ್ಕನೆಯ ಹೆಜ್ಜೆ: ಪ್ಲಗಿನ್ ಮತ್ತು ಥೀಮ್‌ಗಳ ಆಯ್ಕೆ

ವರ್ಡ್‌ಪ್ರೆಸ್ ತಾಣಗಳಿಗೆ ನುಗ್ಗುವ ದಾರಿ ಸಾಮಾನ್ಯವಾಗಿ ಪ್ಲಗಿನ್‌ಗಳೇ. 2020ರ ಸೆಪ್ಟೆಂಬರಿನಲ್ಲಿ, ಏಳು ಲಕ್ಷ ತಾಣಗಳಲ್ಲಿ ಬಳಕೆಯಲ್ಲಿದ್ದ 'ಫೈಲ್ ಮ್ಯಾನೇಜರ್' ಎಂಬ ಪ್ಲಗಿನ್ನಿನ ದೋಷದಿಂದ, ಲಾಗಿನ್ ಇಲ್ಲದ ಯಾರು ಬೇಕಾದರೂ ಸರ್ವರಿಗೆ ಕಡತ ಏರಿಸಿ ಅದನ್ನು ಓಡಿಸಬಹುದಾಗಿತ್ತು. ಫೈಲುಗಳನ್ನು ನೋಡಿಕೊಳ್ಳಲು ಹೋಸ್ಟಿಂಗ್ ಫಲಕದಲ್ಲೇ ಸೌಲಭ್ಯವಿರುವಾಗ ಅಂಥ ಪ್ಲಗಿನ್ ತಾಣದಲ್ಲಿ ಏಕೆ ಇರಬೇಕು ಎಂದು ಕೇಳಿಕೊಂಡಿದ್ದರೆ ಎಷ್ಟೋ ತಾಣಗಳು ಉಳಿಯುತ್ತಿದ್ದವು. ಪ್ರತಿಯೊಂದು ಪ್ಲಗಿನ್ನಿನ ಮುಂದೆ ನಿಂತು ಇದೇ ಪ್ರಶ್ನೆ ಕೇಳಿ. ಬೇಡವಾದದ್ದನ್ನು ನಿಷ್ಕ್ರಿಯಗೊಳಿಸಿದರೆ ಸಾಲದು, ಅಳಿಸಿಯೇ ಹಾಕಬೇಕು; ನಿಷ್ಕ್ರಿಯ ಪ್ಲಗಿನ್ನಿನ ಕಡತಗಳು ಸರ್ವರಿನಲ್ಲಿ ಇದ್ದೇ ಇರುತ್ತವೆ, ಅವುಗಳನ್ನು ಹೊರಗಿನಿಂದ ನೇರವಾಗಿ ಕರೆಯಲು ಸಾಧ್ಯ. ಕೊನೆಯ ಅಪ್‌ಡೇಟ್ ಬಂದು ಎರಡು ವರ್ಷ ದಾಟಿದ್ದರೆ ಪರ್ಯಾಯ ಹುಡುಕಿ.

ಹಣಕ್ಕೆ ಮಾರುವ ಥೀಮ್‌ಗಳನ್ನು ಪುಕ್ಕಟೆ ಕೊಡುವ ತಾಣಗಳಿವೆ. 'ನಲ್ಡ್' ಎಂದು ಕರೆಯುವ ಈ ಕಳ್ಳ ಪ್ರತಿಗಳಲ್ಲಿ ಅಡಗಿ ಬರುವ 'ಡಬ್ಲ್ಯುಪಿ-ವಿಸಿಡಿ' ಎಂಬ ಕೋಡ್ ಥೀಮಿನ ಫಂಕ್ಷನ್ಸ್ ಕಡತದಲ್ಲಿ ಕೂತು, ಅದೇ ಹೋಸ್ಟಿಂಗ್ ಖಾತೆಯ ಬೇರೆ ತಾಣಗಳಿಗೂ ಹಬ್ಬುತ್ತದೆ. ಹಣ ಕೊಡಲು ಆಗದಿದ್ದರೆ ಅಧಿಕೃತ ಸಂಗ್ರಹದ ಉಚಿತ ಥೀಮ್ ಬಳಸಿ. ಅಲ್ಲಿ ಸಾವಿರಾರು ಇವೆ.

ಐದನೆಯ ಹೆಜ್ಜೆ: ಲಾಗಿನ್ ಬಾಗಿಲು

ವರ್ಡ್‌ಪ್ರೆಸ್‌ನಲ್ಲಿ ಅಡ್ಮಿನಿಸ್ಟ್ರೇಟರ್, ಎಡಿಟರ್, ಆಥರ್, ಕಾಂಟ್ರಿಬ್ಯೂಟರ್, ಸಬ್‌ಸ್ಕ್ರೈಬರ್ ಎಂಬ ಐದು ಪಾತ್ರಗಳು ಮೊದಲಿನಿಂದಲೂ ಸಿದ್ಧವಾಗಿರುತ್ತವೆ. ಲೇಖನ ಏರಿಸುವವರಿಗೆ ಆಥರ್, ಎಲ್ಲರ ಲೇಖನ ತಿದ್ದುವವರಿಗೆ ಎಡಿಟರ್ ಹಕ್ಕು ಸಾಕು. ಸಂಪಾದಕರ ಗೌರವಕ್ಕೆಂದು ಅಡ್ಮಿನಿಸ್ಟ್ರೇಟರ್ ಹಕ್ಕು ಕೊಡುವ ರೂಢಿಯನ್ನು ಬಿಡಬೇಕು. ಅವರ ಕಂಪ್ಯೂಟರಿನಿಂದ ಪಾಸ್‌ವರ್ಡ್ ಕಳವಾದರೆ ಇಡೀ ತಾಣವೇ ಕಳವಾದಂತೆ. ಅಡ್ಮಿನಿಸ್ಟ್ರೇಟರ್‌ಗಳು ಇಬ್ಬರಿರಲಿ, ಒಬ್ಬರು ಊರಲ್ಲಿ ಇಲ್ಲದಿದ್ದರೂ ಇನ್ನೊಬ್ಬರು ಸಿಗುತ್ತಾರೆ. ಒಂದೇ ಖಾತೆಯನ್ನು ಮೂವರು ಹಂಚಿಕೊಳ್ಳುವುದು ಬೇಡವೇ ಬೇಡ.

ಅಡ್ಮಿನಿಸ್ಟ್ರೇಟರ್ ಮತ್ತು ಎಡಿಟರ್ ಖಾತೆಗಳಿಗೆ ಎರಡು ಹಂತದ ಲಾಗಿನ್ ಕಡ್ಡಾಯ ಮಾಡಿ. ಫೋನಿನ ಅಥೆಂಟಿಕೇಟರ್ ಆ್ಯಪ್ ತೋರಿಸುವ ಆರಂಕಿಯ ಸಂಖ್ಯೆ ಹಾಕದೆ ಒಳಗೆ ಹೋಗುವಂತಿಲ್ಲ ಎಂದಾದರೆ, ಕದ್ದ ಪಾಸ್‌ವರ್ಡ್ ಒಂದೇ ಇದ್ದು ಉಪಯೋಗವಿಲ್ಲ. ಅದರ ಬದಲಿ ಸಂಕೇತಗಳನ್ನು ಮುದ್ರಿಸಿ ಬೀರುವಿನಲ್ಲಿಡಿ. ಲಾಗಿನ್ ಪ್ರಯತ್ನಗಳಿಗೆ ಮಿತಿ ಹಾಕುವ ಪ್ಲಗಿನ್ನೂ ಇರಲಿ. 'ಎಕ್ಸ್‌ಎಂಎಲ್-ಆರ್‌ಪಿಸಿ' ಎಂಬ ಹಳೆಯ ಸಂಪರ್ಕ ದಾರಿಯನ್ನು ಮುಚ್ಚಿ, ಏಕೆಂದರೆ ಅದರ ಮೂಲಕ ಒಂದೇ ಕೋರಿಕೆಯಲ್ಲಿ ನೂರಾರು ಪಾಸ್‌ವರ್ಡ್‌ಗಳನ್ನು ಊಹಿಸಿ ನೋಡುವ ದಾಳಿಗಳು ನಡೆದಿವೆ. ಜೆಟ್‌ಪ್ಯಾಕ್‌ನಂಥ ಸೇವೆ ಬಳಸುವವರು ಮಾತ್ರ ಅದು ಬೇಕೇ ಎಂದು ಮೊದಲು ನೋಡಿಕೊಳ್ಳಬೇಕು.

ಆರನೆಯ ಹೆಜ್ಜೆ: ಸರ್ವರಿನ ಕಡತಗಳು

ಯಾವ ಕಡತವನ್ನು ಯಾರು ಓದಬಹುದು, ತಿದ್ದಬಹುದು ಎಂಬ ಅನುಮತಿಯನ್ನು ಸರ್ವರಿನಲ್ಲಿ ಮೂರಂಕಿಯ ಸಂಖ್ಯೆಯಿಂದ ಸೂಚಿಸುತ್ತಾರೆ. ಫೋಲ್ಡರುಗಳಿಗೆ 755, ಕಡತಗಳಿಗೆ 644, ಡೇಟಾಬೇಸ್ ಪಾಸ್‌ವರ್ಡ್ ಇರುವ ಡಬ್ಲ್ಯುಪಿ-ಕಾನ್ಫಿಗ್ ಕಡತಕ್ಕೆ 600 ಅಥವಾ 640 ಅನುಮತಿ ಇರಲಿ. ಚಿತ್ರ ಏರುತ್ತಿಲ್ಲವೆಂದು ಯಾರಾದರೂ, ಎಲ್ಲರಿಗೂ ತಿದ್ದುವ ಹಕ್ಕು ಕೊಡುವ 777 ಹಾಕಿ ಎಂದರೆ ಒಪ್ಪಬೇಡಿ. ಡ್ಯಾಶ್‌ಬೋರ್ಡಿನಿಂದಲೇ ಥೀಮ್ ಕೋಡ್ ತಿದ್ದುವ ಸೌಲಭ್ಯವನ್ನು ಡಬ್ಲ್ಯುಪಿ-ಕಾನ್ಫಿಗ್‌ನಲ್ಲಿ 'ಡಿಸ್‌ಅಲೋ ಫೈಲ್ ಎಡಿಟ್' ಎಂಬ ಒಂದು ಸಾಲು ಸೇರಿಸಿ ಮುಚ್ಚಬಹುದು. ಅಪ್‌ಲೋಡ್ಸ್ ಫೋಲ್ಡರಿನಲ್ಲಿ ಪಿಎಚ್‌ಪಿ ಓಡದಂತೆ ಸರ್ವರ್ ನಿಯಮ ಹಾಕಿಸಿ. ಅದು ಚಿತ್ರಗಳ ಜಾಗ, ಅಲ್ಲಿ ಪಿಎಚ್‌ಪಿ ಓಡಬೇಕಾದ ಅಗತ್ಯ ಸಾಮಾನ್ಯವಾಗಿ ಬರುವುದಿಲ್ಲ. ಓದುಗರ ಮತ್ತು ತಾಣದ ನಡುವಿನ ಮಾಹಿತಿಯನ್ನು ಗುಪ್ತವಾಗಿಡುವ ಎಚ್‌ಟಿಟಿಪಿಎಸ್ ಪ್ರಮಾಣಪತ್ರವನ್ನು ಲೆಟ್ಸ್ ಎನ್‌ಕ್ರಿಪ್ಟ್ ಉಚಿತವಾಗಿ ಕೊಡುತ್ತದೆ, ಆದರೆ ಅದರ ಅವಧಿ ಚಿಕ್ಕದು. ತಾನಾಗಿ ನವೀಕರಣವಾಗುತ್ತಿದೆಯೇ ಎಂದು ಒಮ್ಮೆ ಖಚಿತಪಡಿಸಿಕೊಳ್ಳಿ.

ಭದ್ರತೆಗೆ ನೇರ ಸಂಬಂಧವಿಲ್ಲದಿದ್ದರೂ ಕನ್ನಡ ತಾಣಗಳವರು ತಿಳಿದಿರಬೇಕಾದ ಒಂದು ಮಾತನ್ನು ಇಲ್ಲೇ ಹೇಳಿಬಿಡುತ್ತೇನೆ. ಬರಹದ ಕೊಂಡಿಗೆ ಡೇಟಾಬೇಸಿನಲ್ಲಿ 200 ಅಕ್ಷರಗಳ ಜಾಗವಿದೆ. ಕನ್ನಡದ ಒಂದೊಂದು ಯೂನಿಕೋಡ್ ಚಿಹ್ನೆ ಕೊಂಡಿಯಲ್ಲಿ ಒಂಬತ್ತು ಅಕ್ಷರಗಳಾಗುತ್ತದೆ. 'ಕನ್ನಡ' ಎಂಬ ಪದದಲ್ಲಿ ಒತ್ತಕ್ಷರದ ಹಲಂತವೂ ಸೇರಿ ಐದು ಚಿಹ್ನೆಗಳಿರುವುದರಿಂದ ಅದೊಂದಕ್ಕೇ 45 ಖರ್ಚು. ಹೀಗಾಗಿ ಉದ್ದ ಶೀರ್ಷಿಕೆಯ ಕೊಂಡಿ ಪದದ ನಡುವೆಯೇ ತುಂಡಾಗುತ್ತದೆ. ಪ್ರಕಟಿಸುವ ಮುನ್ನವೇ ಕೊಂಡಿಯನ್ನು ಎರಡು ಮೂರು ಪದಗಳಿಗೆ ಇಳಿಸುವ ರೂಢಿ ಇಟ್ಟುಕೊಂಡರೆ, ಸರ್ವರ್ ಬದಲಿಸಿದಾಗಲೂ ಹಳೆಯ ಕೊಂಡಿಗಳು ಮುರಿದಿವೆಯೇ ಎಂದು ಕಣ್ಣಳತೆಯಲ್ಲೇ ತಿಳಿಯುತ್ತದೆ.

ಏಳನೆಯ ಹೆಜ್ಜೆ: ಕಣ್ಣಿಡುವುದು

ತಾಣವನ್ನು ಗೂಗಲ್ ಸರ್ಚ್ ಕನ್ಸೋಲ್‌ಗೆ (ತಾಣದ ಒಡೆಯರಿಗೆ ಗೂಗಲ್ ಕೊಡುವ ಸೇವೆ) ಸೇರಿಸಿ. ದುಷ್ಟ ಕೋಡ್ ಕಂಡರೆ ಅದು ಇಮೇಲ್ ಕಳಿಸುತ್ತದೆ. ತಿಂಗಳಿಗೊಮ್ಮೆ ಗೂಗಲ್‌ನಲ್ಲಿ 'ಸೈಟ್' (site) ಎಂಬ ಪದ, ಅದರ ಪಕ್ಕ ಕೋಲನ್ ಚಿಹ್ನೆ (:), ನಿಮ್ಮ ಡೊಮೇನ್ ಹೆಸರನ್ನು ಇಂಗ್ಲಿಷಿನಲ್ಲಿ ಬರೆದು ಹುಡುಕಿ. ನೀವು ಬರೆಯದ ಔಷಧಿ, ಜೂಜು ಅಥವಾ ಜಪಾನಿ ಭಾಷೆಯ ಪುಟಗಳು ಫಲಿತಾಂಶದಲ್ಲಿ ಕಂಡರೆ ಯಾರೋ ಒಳಗಿದ್ದಾರೆ. ಇಂಥ ಕೋಡ್ ಹುಡುಕುತಾಣಕ್ಕೆ ಒಂದು ಪುಟ, ನಿಮಗೆ ಇನ್ನೊಂದು ಪುಟ ತೋರಿಸುವುದರಿಂದ, ನೀವೇ ತಾಣ ತೆರೆದು ನೋಡಿದರೆ ಎಲ್ಲವೂ ಸರಿಯಾಗಿ ಕಾಣುತ್ತದೆ. ಬಳಕೆದಾರರ ಪಟ್ಟಿಯಲ್ಲಿ ಗುರುತಿಲ್ಲದ ಅಡ್ಮಿನಿಸ್ಟ್ರೇಟರ್ ಇದ್ದಾರೆಯೇ ಎಂದೂ ನೋಡಿ.

ನುಗ್ಗಿಬಿಟ್ಟರೆ ಏನು ಮಾಡಬೇಕು

ಗಾಬರಿಯಲ್ಲಿ ಕೈಗೆ ಸಿಕ್ಕ ಫೈಲುಗಳನ್ನು ಅಳಿಸಬೇಡಿ. ಮೊದಲು ತಾಣವನ್ನು ಓದುಗರಿಗೆ ಮುಚ್ಚಿ, ಕೆಟ್ಟ ಸ್ಥಿತಿಯಲ್ಲಿರುವಂತೆಯೇ ಫೈಲು, ಡೇಟಾಬೇಸ್ ಮತ್ತು ಸರ್ವರ್ ಲಾಗ್‌ಗಳ (ಯಾರು ಯಾವಾಗ ಬಂದರೆಂಬ ದಾಖಲೆಗಳ) ಒಂದು ಪ್ರತಿ ತೆಗೆದಿಡಿ. ಯಾವ ದಾರಿಯಿಂದ ಬಂದರೆಂದು ತಿಳಿಯಲು ಅದೊಂದೇ ಆಧಾರ. ಆಮೇಲೆ ಶುದ್ಧವಾದ ಇನ್ನೊಂದು ಕಂಪ್ಯೂಟರಿನಿಂದ ಹೋಸ್ಟಿಂಗ್, ಡೇಟಾಬೇಸ್, ಎಫ್‌ಟಿಪಿ (ಸರ್ವರಿಗೆ ಕಡತ ಸಾಗಿಸುವ ಖಾತೆ) ಮತ್ತು ಎಲ್ಲ ಅಡ್ಮಿನಿಸ್ಟ್ರೇಟರ್‌ಗಳ ಪಾಸ್‌ವರ್ಡ್ ಬದಲಿಸಿ. ಡಬ್ಲ್ಯುಪಿ-ಕಾನ್ಫಿಗ್‌ನಲ್ಲಿರುವ ರಹಸ್ಯ ಕೀಗಳನ್ನೂ ಬದಲಿಸಿದರೆ, ಒಳಗೆ ಲಾಗಿನ್ ಆಗಿ ಕೂತಿರುವ ಎಲ್ಲರೂ ತಕ್ಷಣ ಹೊರಬೀಳುತ್ತಾರೆ. ಇದನ್ನು ಬಹಳ ಮಂದಿ ಮರೆಯುತ್ತಾರೆ.

ನಂತರ ಡಬ್ಲ್ಯುಪಿ-ಕಂಟೆಂಟ್ ಮತ್ತು ಡಬ್ಲ್ಯುಪಿ-ಕಾನ್ಫಿಗ್ ಬಿಟ್ಟು ಉಳಿದ ವರ್ಡ್‌ಪ್ರೆಸ್ ಕಡತಗಳನ್ನೆಲ್ಲ ತೆಗೆದು, ಅಧಿಕೃತ ತಾಣದಿಂದ ಇಳಿಸಿದ ಹೊಸ ಪ್ರತಿ ಹಾಕಿ. ಪ್ಲಗಿನ್ ಮತ್ತು ಥೀಮ್‌ಗಳನ್ನು ತಿದ್ದಲು ಹೋಗದೆ, ಅಳಿಸಿ ಮೂಲದಿಂದ ಮತ್ತೆ ಹಾಕಿ. ಅಪ್‌ಲೋಡ್ಸ್ ಫೋಲ್ಡರಿನಲ್ಲಿ ಪಿಎಚ್‌ಪಿ ಕಡತಗಳಿವೆಯೇ ಎಂದು ಹುಡುಕಿ. ವರ್ಷ, ತಿಂಗಳಿನ ಉಪಫೋಲ್ಡರುಗಳ ಒಳಗೆ, ಚಿತ್ರಗಳ ನಡುವೆ, ಚಿತ್ರದಂಥದೇ ಹೆಸರಿಟ್ಟುಕೊಂಡು ಅವು ಕೂತಿರುತ್ತವೆ. 'ಎಂಯು-ಪ್ಲಗಿನ್ಸ್' ಫೋಲ್ಡರನ್ನು ತಪ್ಪದೆ ತೆರೆಯಿರಿ. ಅಲ್ಲಿರುವ ಕೋಡ್ ತಾನಾಗಿಯೇ ಓಡುತ್ತದೆ, ಅದನ್ನು ಪ್ಲಗಿನ್ ಪುಟದಿಂದ ನಿಲ್ಲಿಸಲು ಬರುವುದಿಲ್ಲ. ಹೋಸ್ಟಿಂಗ್‌ನ ಕ್ರಾನ್ ಪಟ್ಟಿಯಲ್ಲಿ ನೀವು ಹಾಕದ ಸಾಲು ಇದ್ದರೆ ತೆಗೆಯಿರಿ, ಇಲ್ಲವಾದರೆ ಅಳಿಸಿದ ಕಡತ ರಾತ್ರಿ ಬೆಳಗಾಗುವುದರಲ್ಲಿ ಮತ್ತೆ ಹುಟ್ಟಿಕೊಳ್ಳುತ್ತದೆ. ಶುದ್ಧ ಬ್ಯಾಕಪ್ ಇದ್ದರೆ ಈ ಶ್ರಮ ಎಷ್ಟೋ ಇಳಿಯುತ್ತದೆ, ಆದರೆ ಬ್ಯಾಕಪ್ ಹಾಕಿದ ಕೂಡಲೇ ನುಗ್ಗಲು ದಾರಿಯಾದ ಪ್ಲಗಿನ್ನನ್ನು ಅಪ್‌ಡೇಟ್ ಮಾಡಬೇಕು ಅಥವಾ ತೆಗೆಯಬೇಕು.

ಭಾರತದಲ್ಲಿ ಸೈಬರ್ ಘಟನೆಗಳನ್ನು ನೋಡಿಕೊಳ್ಳುವ ರಾಷ್ಟ್ರೀಯ ಸಂಸ್ಥೆ ಸರ್ಟ್-ಇನ್. 2022ರ ಏಪ್ರಿಲ್ 28ರ ಅದರ ನಿರ್ದೇಶನದ ಪ್ರಕಾರ ಸೇವಾದಾರರು, ಕಂಪನಿಗಳು, ಸರ್ಕಾರಿ ಸಂಸ್ಥೆಗಳು ತಾಣಕ್ಕೆ ನುಗ್ಗಿ ವಿರೂಪಗೊಳಿಸಿದಂಥ ಘಟನೆಗಳನ್ನು ಗಮನಕ್ಕೆ ಬಂದ ಆರು ಗಂಟೆಗಳ ಒಳಗೆ ವರದಿ ಮಾಡಬೇಕು, ಲಾಗ್‌ಗಳನ್ನು 180 ದಿನ ಉಳಿಸಿಕೊಳ್ಳಬೇಕು. ಓದುಗರ ಇಮೇಲ್, ಫೋನ್ ಸಂಖ್ಯೆ ಸೋರಿರುವ ಸಾಧ್ಯತೆಯಿದ್ದರೆ ಅವರಿಗೂ ನೇರವಾಗಿ ತಿಳಿಸಿ.

ಎಲ್ಲ ಶುದ್ಧವಾದ ಮೇಲೆ ಸರ್ಚ್ ಕನ್ಸೋಲ್‌ನ ಭದ್ರತಾ ವಿಭಾಗದಲ್ಲಿ ಮರುಪರಿಶೀಲನೆಗೆ ಕೋರಿ, ಏನು ಕಂಡಿತು, ಏನು ಸರಿಪಡಿಸಿದಿರಿ ಎಂದು ವಿವರವಾಗಿ ಬರೆಯಿರಿ. ಕಳ್ಳ ಪುಟಗಳ ವಿಳಾಸಗಳು 404 (ಪುಟ ಸಿಗಲಿಲ್ಲ) ಅಥವಾ 410 (ಪುಟ ತೆಗೆಯಲಾಗಿದೆ) ಎಂಬ ಉತ್ತರ ಕೊಡುವಂತೆ ನೋಡಿಕೊಳ್ಳಿ. ಅವನ್ನು ಮುಖಪುಟಕ್ಕೆ ತಿರುಗಿಸಿದರೆ ಗೂಗಲ್‌ನ ಪಟ್ಟಿಯಿಂದ ಹೋಗಲು ಇನ್ನೂ ತಡವಾಗುತ್ತದೆ. ಮುಂದಿನ ಎರಡು ವಾರ ಪ್ರತಿದಿನ ಬೆಳಗ್ಗೆ ಅಪ್‌ಲೋಡ್ಸ್ ಫೋಲ್ಡರ್, ಬಳಕೆದಾರರ ಪಟ್ಟಿ ಮತ್ತು ಹಿಂದಿನ 24 ಗಂಟೆಗಳಲ್ಲಿ ಬದಲಾದ ಕಡತಗಳನ್ನು ಪರಿಶೀಲಿಸಿ, ಕಂಡದ್ದನ್ನು ತಾರೀಕು ಹಾಕಿ ಮೊದಲ ಹೆಜ್ಜೆಯಲ್ಲಿ ತೆರೆದ ಪುಸ್ತಕದಲ್ಲೇ ಬರೆಯಿರಿ.